ಹೊರಗಾಗುವ ರಜೆ

ಮುಟ್ಟು ನಿಂತ ಮೇಲೆ ನನ್ನ ಮೈಯೊಳಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಲೆ ಹತ್ತಿಕೊಂಡಿತು. ಬೆಟ್ಟದಪುರದ ಕಡೆಯವಳಿಗೆ ಬೇರೆ ಯಾವ ಹೋಲಿಕೆ ಹೊಳೆದೀತು. ನಮ್ಮವರಿಗೆ ತೋಟದ ಬ್ಯಾರನ್‌ನಲ್ಲಿ ಶಾಖ ಒಂದಿಷ್ಟು ಏರಿದರೂ ಗೊತ್ತಾಗುತ್ತದೆ. ಎದುರಿಗೇ ಬೆವರಿ ತೊಪ್ಪೆಯಾಗುವ ಹೆಂಡತಿ ಮಾತ್ರ ಕಾಣುವುದಿಲ್ಲ. "ಫ್ಯಾನ್ ಯಾಕಂಗೆ ಜೋರಾಗಿ ಹಾಕಂಡಿದ್ದೀಯೆ, ಪೇಪರ್ ಹಾರಾಡ್ತದೆ ಕಣೆ" ಎನ್ನುತ್ತಿದ್ದರು.

ಸುಮ್ಮಸುಮ್ಮನೆ ಅಳು, ಸುಮ್ಮಸುಮ್ಮನೆ ಸಿಟ್ಟು. ಕೊನೆಗೆ ಹುಣಸೂರಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಮಾತ್ರೆ ಬರೆದುಕೊಟ್ಟು, "ಇದರ ಜೊತೆಗೆ ಆರ್ಟ್ ಥೆರಪಿ ಅಂತ ಇದೆ. ದಿನಾ ಏನಾದ್ರೂ ಚಿತ್ರ ಬಿಡಿಸಿ, ಮನಸ್ಸು ಹಗುರಾಗುತ್ತೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಗ್ಗೆ ಹೊಸ್ತಿಲ ಮುಂದೆ ರಂಗೋಲಿ ಬಿಡಿಸುತ್ತಲೇ ಇದ್ದೇನೆ. ಹಗುರಾದದ್ದು ರಂಗೋಲಿ ಡಬ್ಬಿ ಮಾತ್ರ.

ನಮ್ಮ ಮನೆಯಲ್ಲಿ ಹೊರಗಾದವರು ಮೂರು ದಿನ ರಂಗೋಲಿ ಹಾಕುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರಬೇಕು. ಹೊಸದರಲ್ಲಿ ಈ ಕಟ್ಟಳೆಗೆ ಹಿಡಿಶಾಪ ಹಾಕಿದ್ದೆ. ಆ ಮೂರು ದಿನ ಅತ್ತೆಯೇ ರಂಗೋಲಿ ಹಾಕುತ್ತಿದ್ದರು. ಅವರ ಕೈಯ ಗೆರೆ ದಪ್ಪ, ಹಾಗಾಗಿ ನನ್ನ ತಿಂಗಳ ಸಮಾಚಾರ ಇಡೀ ಬೀದಿಗೆ ತಿಳಿಯುತ್ತಿತ್ತು. ಈಗ ಮುಟ್ಟಿನ ಜೊತೆಗೆ ರಜೆಯೂ ನಿಂತುಹೋಯಿತು. ವರ್ಷವಿಡೀ ಒಲೆ, ವರ್ಷವಿಡೀ ರಂಗೋಲಿ. ಹೆಂಗಸಿಗೆ ಬಿಡುಗಡೆ ಸಿಗುವುದೆಂದರೆ ಹೀಗೆ. ಸುಳ್ಳೇಕೆ ಹೇಳಲಿ, ಆ ಚಾಪೆಗಾಗಿ ನಾನು ಅತ್ತಿದ್ದೇನೆ.

ಡ್ರಾಯಿಂಗ್ ಪುಸ್ತಕ, ಬಣ್ಣದ ಪೆನ್ಸಿಲ್ ತಂದೆ. ಒಂದು ಗೆರೆ ಎಳೆದರೆ ಕಾಫಿ ಬೇಕು, ಇನ್ನೊಂದು ಎಳೆದರೆ ಆಳುಗಳಿಗೆ ಊಟ ಬೇಕು. ಒಂದು ಬೆಳಗ್ಗೆ ತಲೆ ಕೆಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ನಾನು ಹೊರಗಾಗಿದ್ದೀನಿ" ಎಂದುಬಿಟ್ಟೆ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಮ್ಮವರಿಗೆ ಅದು ಹೊಳೆಯಲೇ ಇಲ್ಲ. "ಊಟಕ್ಕೇನವ್ವ ಈಗ?" ಎಂದು ಅತ್ತೆಯನ್ನು ಕೇಳಿದರು.

"ಓಗ್ಲಾ, ನೀನೇ ಒಲೆ ಅಚ್ಚು" ಎಂದರು ಅತ್ತೆ.

ಜಗಲಿಯಲ್ಲಿ ಕೂತು ಹಿತ್ತಿಲ ಕುಂಬಳದ ಬಳ್ಳಿಯನ್ನು ಬಿಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ನನ್ನನ್ನೇ ನೋಡುತ್ತ ನಿಂತರು. ನಾನು ಪೆನ್ಸಿಲ್ ಕೆಳಗಿಟ್ಟೆ.

"ಗೊತ್ತಾಗೋಯ್ತಾ ಅತ್ತೆ?"

"ಗೊತ್ತಾಗ್ದೆ ಏನು. ನಂಗೆ ನಿಂತಿದ್ದು ನೀನು ಈ ಮನೆಗೆ ಬರೋಕ್ಮುಂಚೆ ಕಣವ್ವ. ನೀನು ಬಂದ್ಮೇಲೂ ಆರೇಳು ವರ್ಸ ತಿಂಗ್ಳು ತಿಂಗ್ಳು ಇಲ್ಲೇ ಕೂತಿದ್ನಲ್ಲ."

ಆ ಆರೇಳು ವರ್ಷ ಅವರ ಪಾಲಿನ ಕೆಲಸವನ್ನೂ ಮಾಡುತ್ತ, ಒಲೆಯ ಮುಂದೆ ನಿಂತು ಅವರನ್ನು ಬೈದುಕೊಂಡವಳು ನಾನೇ. ಕೋಪ ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಚಾಪೆಯಲ್ಲಿ ಸರಿದು ಜಾಗ ಮಾಡಿದೆ. ಅತ್ತೆ ಮೈಲಿಗೆ ಗೀಲಿಗೆ ಎನ್ನದೆ ಪಕ್ಕದಲ್ಲಿ ಕೂತು, ಹಸಿರು ಪೆನ್ಸಿಲ್ ತೆಗೆದುಕೊಂಡರು.

ಒಳಗಿನಿಂದ ನಮ್ಮವರು ಉಪ್ಪು ಎಲ್ಲಿದೆ ಎಂದು ಕೂಗಿದರು. ನಾವಿಬ್ಬರೂ ಹೇಳಲಿಲ್ಲ.