ಚಿಕ್ಕಪ್ಪನ ರೀಡುಗಳ ದಾಹ

ನಮ್ಮ ಚಿಕ್ಕಪ್ಪನ ರೀಡುಗಳಿಗೆ ನಡೆಯುವ ಉಪಚಾರ ಯಾವ ಮನೆಯ ಅಳಿಯನಿಗೂ ನಡೆದಿರಲಿಕ್ಕಿಲ್ಲ. ಅವರ ಮನೆಯಲ್ಲೇ ಬೆಳೆದವಳು ನಾನು, ಕಣ್ಣಾರೆ ಕಂಡದ್ದು. ರೀಡು ಎಂದರೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಜೊಂಡಿನ ತೆಳು ಪಟ್ಟಿ. ಅದು ಅದುರಿದರೇ ನಾದ. ಹೊಸದನ್ನು ಎರಡು ನಿಮಿಷ ನೀರಲ್ಲಿ ನೆನೆಸಿ, ಅದರ ಬೆನ್ನನ್ನು ಬಿಳಿ ಕಾಗದಕ್ಕೆ ತಿಕ್ಕಿ ತಿಕ್ಕಿ ಸಣ್ಣ ರಂಧ್ರಗಳನ್ನು ಮುಚ್ಚುತ್ತಾರೆ. ಇಲ್ಲದಿದ್ದರೆ ನೀರು ಕುಡಿದು ಉಬ್ಬುತ್ತದಂತೆ. ಮೊದಲ ದಿನ ಐದೇ ನಿಮಿಷ ಊದುವುದು, ಒರೆಸುವುದು, ಗಾಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ನೆರಳಲ್ಲಿ ಆರಿಸುವುದು. ವಾರವಿಡೀ ಇದೇ ಬಾಣಂತನ. ಒಮ್ಮೆ ಚಿಕ್ಕಮ್ಮ ಪಾಪ, ಬೇಗ ಒಣಗಲಿ ಎಂದು ಆರು ರೀಡು ಬಿಸಿಲಿಗಿಟ್ಟರು, ಆರೂ ಸೊಟ್ಟಗಾದವು. ಚಿಕ್ಕಪ್ಪ ಮೂರು ದಿನ ಮಾತು ಬಿಟ್ಟಿದ್ದರು.

ಈ ವರ್ಷ ಅವರಿಗೆ ಬಿಪಿ ಮಾತ್ರೆ ಶುರುವಾಯಿತು, ಬಾಯಿ ಒಣಗತೊಡಗಿತು. ಊದುತ್ತಿದ್ದಂತೆ ರೀಡು ಬತ್ತಿ ಕೀಚ್ ಎನ್ನುತ್ತಿತ್ತು. ನಾಲಿಗೆಯಲ್ಲೇ ತೇವ ಅಳೆಯುತ್ತಿದ್ದವರಿಗೆ ಈಗ ನಾಲಿಗೆಯೇ ಕೈಕೊಟ್ಟಿತ್ತು.

ಚಿಕ್ಕಪ್ಪ ನುಡಿಸುವ ವಾದ್ಯವೃಂದದ ಮೇಷ್ಟ್ರು ಖಂಡಿತವಾಗಿ ಹೇಳಿಬಿಟ್ಟರು: "ಶನಿವಾರದ ಕಛೇರೀಲಿ ನೀವೊಬ್ಬರೇ ಊದೋ ಭಾಗ ಇದೆ. ಒಂದ್ಸಲ ಕೀಚ್ ಅಂದ್ರೂ ನಿಮ್ಮ ಜಾಗ ಬೇರೆಯವರಿಗೆ."

ಮೂವತ್ತು ವರ್ಷದ ಜಾಗ ಅದು. ಚಿಕ್ಕಪ್ಪ ಊಟ ಬಿಟ್ಟು ರೀಡುಗಳಿಗೆ ಶಾಪ ಹಾಕುತ್ತಾ ಅಭ್ಯಾಸಕ್ಕೆ ಕೂತರು. ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು:

"ಬದಲಾಯ್ಸಿ ಅದನ್ನ, ಒಣಗ್ತಾ ಇದೆ."

ಮರುಕ್ಷಣವೇ ಕೀಚ್! ಚಿಕ್ಕಪ್ಪ ಬಿಟ್ಟ ಬಾಯಿ ಬಿಟ್ಟಂತೆ ಕೂತರು.

"ನಿನಗೆ ಹೆಂಗೆ ಗೊತ್ತಾಯ್ತೇ?"

"ಶಬ್ದ ತೆಳ್ಳಗಾಗತ್ತಲ್ರೀ. ಇಷ್ಟು ವರ್ಷ ಗೋಡೆ ಆಚೆಯಿಂದ ಕೇಳ್ತಿದೀನಿ, ಅಷ್ಟೂ ಗೊತ್ತಾಗಲ್ವಾ?"

ಶನಿವಾರ ಚಿಕ್ಕಮ್ಮ ಮೊದಲ ಸಾಲಲ್ಲಿ ಕೂತರು. ವೇದಿಕೆಯ ಮೇಲೆ ಪುಟ್ಟ ಲೋಟದಲ್ಲಿ ಎರಡು ರೀಡು ನೆನೆಯುತ್ತಿದ್ದವು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡರೆ ಅದೇ ಒಣಗಿತೆಂಬ ಸನ್ನೆ, ಸಿಕ್ಕ ಬಿಡುವಿನಲ್ಲೇ ಚಿಕ್ಕಪ್ಪ ರೀಡು ಬದಲಿಸುತ್ತಿದ್ದರು. ಹೀಗೆ ಎರಡು ಸಲ. ಕೊನೆವರೆಗೂ ಒಂದು ಅಪಸ್ವರವಿಲ್ಲ. ಮೇಷ್ಟ್ರು ಬಂದು ಕೈಕುಲುಕಿದರು, ಜಾಗ ಉಳಿಯಿತು. ನನಗಂತೂ ಹೋದ ಜೀವ ಬಂದಂತಾಯಿತು.

ಸಭಾಂಗಣ ಖಾಲಿಯಾದ ಮೇಲೆ ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾಗಿ ಕೇಳಿದರು: "ಹೆಂಗಿತ್ತೇ ನಾನು ಊದಿದ್ದು?"

"ಯಾರಿಗ್ರೀ ಗೊತ್ತು? ಯಾವಾಗ ಒಣಗತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಹಾಡು ಕಿವಿಗೆ ಬಿದ್ದರೆ ತಾನೇ?"

ಚಿಕ್ಕಪ್ಪನ ಮುಖ ಸಣ್ಣದಾಯಿತು. ಮುಚ್ಚಿದ್ದ ಕ್ಲಾರಿನೆಟ್ಟಿನ ಪೆಟ್ಟಿಗೆ ತೆರೆದರು. ರೀಡು ಕಟ್ಟಿದರು.

"ಕೂತ್ಕೋ. ಕೀಚ್ ಅಂದ್ರೆ ಅನ್ನಲಿ, ನೀನು ಹಾಡು ಕೇಳು."

ಮೊದಲಿಂದ ಊದಿದರು. ಎರಡು ಕಡೆ ಕೀಚ್ ಎಂದಿತು. ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು.