ಹನ್ನೆರಡನೆಯ ಚಿತ್ರ

ಕ್ಯಾಮೆರಾ ಕಂಡೊಡನೆ ಮನುಷ್ಯ ಉಸಿರು ಬಿಗಿಹಿಡಿಯುತ್ತಾನೆ. ಗಿಡ ಹಾಗೆ ಮಾಡುವುದಿಲ್ಲ. ಇಷ್ಟು ಕ್ಷುಲ್ಲಕ ಸಂಗತಿಯ ಮೇಲೆ ನಾನು ಇಡೀ ಆಯುಷ್ಯವನ್ನು ಕಟ್ಟಿಕೊಂಡೆನೆಂದರೆ ನಿಮಗೆ ನಗು ಬಂದೀತು. ನಗಿರಿ, ನಮ್ಮ ಮನೆಯವರೂ ನಕ್ಕವರೇ. ಮದುವೆಮನೆಯಲ್ಲಿ ಒಂದು ನಿಮಿಷದ ಹಿಂದೆ ಬೀಗರೊಡನೆ ಕೇಕೆ ಹಾಕಿ ಹರಟುತ್ತಿದ್ದ ಗೃಹಸ್ಥರು ನಾನು ಲೆನ್ಸಿನ ಮುಚ್ಚಳ ತೆಗೆದದ್ದೇ ತಡ, ಕಟಕಟೆಯಲ್ಲಿ ನಿಂತ ಆಪಾದಿತರಂತೆ ಸೆಟೆದುಕೊಳ್ಳುತ್ತಿದ್ದರು. ಹೊಲದ ಬದುವಿನ ಬನ್ನಿಗಿಡವಾಗಲಿ, ತಂತಿಯ ಮೇಲೆ ಕುಳಿತ ನೀಲಕಂಠವಾಗಲಿ ನನ್ನನ್ನು ಕ್ಯಾರೇ ಅನ್ನುತ್ತಿರಲಿಲ್ಲ. ಆ ದಿವ್ಯ ಉಪೇಕ್ಷೆಗೆ ನಾನು ಮನಸೋತಿದ್ದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಸೊಲ್ಲಾಪುರದಲ್ಲಿ ನಾನೊಂದು ಸ್ಟುಡಿಯೋ ತೆರೆದೆ. ನಮ್ಮದು ಚಾದರ, ಟವೆಲ್ಲುಗಳ ವ್ಯಾಪಾರದ ಮನೆತನ. ಅಂಗಡಿಯ ಮೆತ್ತನೆಯ ಗಾದಿ ಬಿಟ್ಟು ಹಿರಿಯ ಮಗ ರಾಸಾಯನಿಕಗಳ ನಾತ ಹೊಡೆಯುವ ಕತ್ತಲೆಕೋಣೆ ಸೇರಿದ್ದು ಅಪ್ಪನಿಗೆ ಸೇರಲಿಲ್ಲ. ಆದರೂ ಆಗಾಗ ಬಂದು, ಗೋಡೆಯ ಮೇಲಿನ ಗಿಡ, ಮೋಡ, ಹಕ್ಕಿಗಳನ್ನು ಒಂದೊಂದಾಗಿ ದಿಟ್ಟಿಸಿ, ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದ.

“ಗಿರಾಕಿ ಫೋಟೋ ಗಿರಾಕಿ ಬಂದು ಒಯ್ತಾನ. ಈ ಗಿಡದ ಫೋಟೋ ಯಾಂವ ಒಯ್ಯಾಂವ? ಗಿಡ ಬರ್ತದೇನು?”

ನನ್ನ ಬಳಿ ಅದಕ್ಕೊಂದು ಉಪಾಯವಿತ್ತು. ಆಗಿನ ನನ್ನ ಕ್ಯಾಮೆರಾದಲ್ಲಿ ಒಂದು ರೀಲಿಗೆ ಹನ್ನೆರಡು ಚಿತ್ರ. ರೀಲು ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ. ಆದ್ದರಿಂದ ಮದುವೆಯವರಿಗೆ ಹನ್ನೊಂದು ತೆಗೆದು, ಹನ್ನೆರಡನೆಯದನ್ನು ನಿಸರ್ಗಕ್ಕೆಂದು ಉಳಿಸಿಕೊಳ್ಳುತ್ತಿದ್ದೆ. ಹನ್ನೊಂದು ಸಂಸಾರಕ್ಕೆ, ಒಂದು ವೈರಾಗ್ಯಕ್ಕೆ ಎಂದು ನನಗೆ ನಾನೇ ಹೇಳಿಕೊಂಡು ಬೀಗುತ್ತಿದ್ದೆ. ಆ ವೈರಾಗ್ಯವು ಪರರ ರೀಲಿನ ಮೇಲೆ ನಡೆಯುತ್ತಿತ್ತೆಂಬುದು ಬೇರೆ ಮಾತು. ಯಾರದೋ ಮಗಳ ಅರಿಶಿಣದ ದಿನ ನನಗೆ ಕೊಕ್ಕರೆಯ ಸಾಲು ಸಿಕ್ಕಿದೆ. ಯಾರದೋ ಸೀಮಂತದ ಪುಣ್ಯದಿಂದ ಎರೆಹೊಲದ ಮೇಲೆ ಕವಿದ ಕಾರ್ಮೋಡ ಸಿಕ್ಕಿದೆ.

ಅಂಥ ಒಂದು ಜೂನ್ ತಿಂಗಳಲ್ಲಿ, ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದು ನಾಲ್ಕು ದಿನವಾಗಿದ್ದಾಗ, ಅಕ್ಕಲಕೋಟದ ಆಚೆಯ ಹಳ್ಳಿಯೊಂದಕ್ಕೆ ಮದುವೆಗೆಂದು ಹೋದೆ. ಸಿದ್ರಾಮಪ್ಪ ಎಂಬ ರೈತರ ಮಗಳ ಮದುವೆ. ಬಸ್ಸಿಳಿದು ನಡೆದಾಗ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು, ನಾನು ಸ್ವಂತ ಪ್ರಯತ್ನವಿಲ್ಲದೆಯೇ ನಾಲ್ಕು ಬೆರಳು ಎತ್ತರವಾಗಿದ್ದೆ. ಕಾಲು ತೊಳೆಯಲು ಅವರ ಹೊಲದ ಬಾವಿಗೆ ಹೋದರೆ, ನೀರಿನ ಮೇಲೆ ಬಾಗಿದ ಜಾಲಿಗಿಡದ ತುಂಬ ಗೀಜಗನ ಗೂಡುಗಳು! ಕೆಲವು ಮುಗಿದಿದ್ದವು, ಕೆಲವು ಅರ್ಧ ನೇಯ್ದು ಬಿಟ್ಟಂಥವು. ಮಗ್ಗದೂರಿನವನಾದ ನನಗೆ ನೇಯ್ಗೆಯ ಮರ್ಮ ಅಷ್ಟಿಷ್ಟು ಗೊತ್ತು. ಆ ಕೈಚಳಕಕ್ಕೆ ತಲೆಬಾಗಿದೆ. ಹನ್ನೆರಡನೆಯ ಚಿತ್ರ ಯಾವುದೆಂದು ಆಗಲೇ ನಿಶ್ಚಯವಾಯಿತು.

ಅಕ್ಷತೆ, ಊಟ, ಬೀಗರ ಸಾಲು ಎಲ್ಲ ಸೇರಿ ಹನ್ನೊಂದು ಮುಗಿದವು. ಚೀಲ ಹೆಗಲಿಗೇರಿಸುವಾಗ ಸಿದ್ರಾಮಪ್ಪನವರ ತಾಯಿ ಗೌರವ್ವ ಅಡಿಗೆಮನೆಯಿಂದ ಬಂದಳು. ಬೆಳಗಿನಿಂದ ಒಲೆಯ ಮುಂದೆಯೇ ಇದ್ದವಳು, ಮುಖವೆಲ್ಲ ಬೆವರು.

“ತಮ್ಮಾ, ನಂದೂ ಒಂದು ತಗೀತಿಯೇನು? ಈ ವಯಸ್ಸಿನತನಾ ಒಂದೂ ಫೋಟೋ ಇಲ್ಲ ನಂದು.”

“ರೀಲ್ ಮುಗೀತು ಆಯಿ. ಮುಂದಿನ ಸಲ ಬಂದಾಗ ತಗೀತೀನಿ,” ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಸೋಜಿಗವಾಯಿತು.

“ಆಗ್ಲಿ ಬಿಡಪ್ಪ, ಮತ್ತ ಬಾ ಹಂಗಾದ್ರ,” ಎಂದು, ದಾರಿಗಿರಲೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಅದನ್ನು ತೆಗೆದುಕೊಂಡು ನಾನು ನೆಟ್ಟಗೆ ಬಾವಿಗೆ ಹೋದೆ. ಇಳಿಬಿಸಿಲು ಗೂಡುಗಳ ಎಳೆ ಎಳೆಯನ್ನೂ ಬಿಡಿಸಿ ತೋರಿಸುತ್ತಿತ್ತು. ಗಂಡುಹಕ್ಕಿಯೊಂದು ಅರೆಗೂಡಿಗೆ ತಲೆಕೆಳಗಾಗಿ ಜೋತು, ಹುಲ್ಲೆಳೆ ಕಚ್ಚಿಕೊಂಡು, ರೆಕ್ಕೆ ಬಿಚ್ಚಿತು. ಗುಂಡಿ ಒತ್ತಿದೆ. ಸೊಲ್ಲಾಪುರ ಮುಟ್ಟುವವರೆಗೂ ಬಸ್ಸಿನಲ್ಲಿ ಹೋಳಿಗೆ ತಿನ್ನುತ್ತ ಆನಂದದಲ್ಲಿದ್ದೆ.

ದೀಪಾವಳಿ ಕಳೆದ ಮೇಲೆ ಸಿದ್ರಾಮಪ್ಪ ಸ್ಟುಡಿಯೋಕ್ಕೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತರು.

“ಅವ್ವ ಹೋದ್ಲರಿ. ಮದುವ್ಯಾಗಿನ ಫೋಟೋದಾಗ ಎಲ್ಲೆರೆ ಒಂದು ಮೂಲ್ಯಾಗರೆ ಬಂದಾಳೇನು ನೋಡ್ರಿ. ಮುಖ ಅಷ್ಟ ದೊಡ್ಡದು ಮಾಡಸೂನು.”

ನಾನು ಹನ್ನೊಂದು ನೆಗೆಟಿವ್‌ಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಬೀಗರಿದ್ದರು, ಬೀಗರ ಬೀಗರಿದ್ದರು, ಚಪ್ಪರದೊಳಗೆ ನುಗ್ಗಿದ ನಾಯಿಯೂ ಇತ್ತು. ಗೌರವ್ವ ಇರಲಿಲ್ಲ. ಗಂಡ ತೀರಿದವಳೆಂದು ಅಕ್ಷತೆಯ ಹೊತ್ತಿಗೆ ತಾನಾಗಿಯೇ ಹಿಂದೆ ಸರಿದಿದ್ದಳು, ಉಳಿದ ಹೊತ್ತು ಒಲೆ ಬಿಟ್ಟು ಕದಲಿರಲಿಲ್ಲ. ಇಲ್ಲವೆಂದು ಹೇಳಿ ಕಳಿಸಬಹುದಿತ್ತು. ಆದರೆ ಟೋಪಿ ಹಿಡಿದು ನಿಂತ ಆ ಮನುಷ್ಯನೆದುರು ಎರಡನೆಯ ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ: ರೀಲು ಮುಗಿದಿರಲಿಲ್ಲ, ಒಂದು ಉಳಿದಿತ್ತು, ಅದನ್ನು ಹಕ್ಕಿಗೆ ಕೊಟ್ಟೆ. ಬೈದರೆ ಬೈಯಲಿ ಎಂದು ಗೋಡೆಯ ಮೇಲಿನ ಆ ಚಿತ್ರವನ್ನೂ ಬೊಟ್ಟು ಮಾಡಿ ತೋರಿಸಿದೆ.

ಸಿದ್ರಾಮಪ್ಪ ಅದರ ಹತ್ತಿರ ಹೋಗಿ ಗೂಡುಗಳ ಮೇಲೆ ಬೆರಳಾಡಿಸಿದರು.

“ಅವ್ವಗ ಗೊತ್ತಿತ್ತರಿ,” ಎಂದರು. “ನೀವು ಬಾವಿ ಕಡೆ ಹೋಗೂದು ಹಿತ್ತಲ ಬಾಗಿಲದಾಗ ನಿಂತು ನೋಡ್ಯಾಳ. ‘ಫೋಟೋದಾಂವ ನನ್ನ ಬಿಟ್ಟು ನನ್ನ ಗೀಜಗನ ಫೋಟೋ ತಗದಾ ನೋಡು’ ಅಂತ ಮನಿಮಂದಿಗೆಲ್ಲ ಹೇಳಿ ನಕ್ಕಾಳ.”

“ನನ್ನ ಗೀಜಗ?”

“ಹೂಂರಿ. ಹ್ವಾದ ವರ್ಷ ಈ ಗಿಡ ಕಡಿಯಾಕ ಕೊಡಲಿ ತಗೊಂಡು ಹೋಗಿದ್ದೆ. ಅಡ್ಡ ನಿಂತ್ಲು. ಅವುಗಳ ಬಾಣಂತನ ಮುಗೀಲಿ, ಆಮ್ಯಾಗ ಕಡಿ ಅಂದ್ಲು. ಮುಗದ ಮ್ಯಾಲೂ ಕಡಿಗೊಡಲಿಲ್ಲ.” ಕಣ್ಣೊರೆಸಿಕೊಂಡು ಮತ್ತೆ ಗೋಡೆಯತ್ತ ತಿರುಗಿದರು. “ಇದನ್ನ ದೊಡ್ಡದು ಮಾಡಿ ಕೊಡ್ರಿ. ನಮಗ ಇದರಾಗ ಅವ್ವ ಕಾಣತಾಳ.”

ದೊಡ್ಡದು ಮಾಡಿಕೊಟ್ಟೆ. ಮುಂದೊಮ್ಮೆ ಅವರ ಮನೆಗೆ ಹೋದಾಗ ಹಿರಿಯರ ಚಿತ್ರಗಳ ಸಾಲಿನಲ್ಲಿ ಆ ಜಾಲಿಗಿಡವೂ ತೂಗುತ್ತಿತ್ತು. ಗಾಜಿನ ಮೇಲೆ ಮೂರೆಳೆ ವಿಭೂತಿ. ಮನುಷ್ಯರಿಂದ ತಪ್ಪಿಸಿಕೊಳ್ಳಲೆಂದು ನಾನು ಗಿಡದ ಕಡೆ ಓಡಿದ್ದೆ, ಗಿಡವು ನನ್ನನ್ನು ಮನುಷ್ಯಜೀವವೊಂದರ ಮುಂದೆ ತಂದು ನಿಲ್ಲಿಸಿತ್ತು. ಕೈಮುಗಿದೆ. ನಾಚಿಕೆಯಾಯಿತು, ಸಮಾಧಾನವೂ ಆಯಿತು.

ಅದೇ ಹಳೆಯ ಕ್ಯಾಮೆರಾದ ಹನ್ನೆರಡನೆಯ ಚಿತ್ರವನ್ನು ಈಗಲೂ ನಿಸರ್ಗಕ್ಕೇ ಇಟ್ಟುಕೊಳ್ಳುತ್ತೇನೆ, ಚಟ ಅಷ್ಟು ಬೇಗ ಬಿಡುತ್ತದೆಯೇ. ಆದರೆ ಅದಕ್ಕೆ ಮೊದಲು ಅಡಿಗೆಮನೆಯ ಬಾಗಿಲಿಗೆ ಹೋಗಿ, “ಯಾರರೆ ಉಳದೀರೇನ್ರಿ?” ಎಂದು ಕೂಗುತ್ತೇನೆ. ಒಳಗಿನಿಂದ ಯಾರಾದರೂ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರೆ, ಆ ದಿನ ಹಕ್ಕಿಗಳಿಗೆ ಚಿತ್ರವಿಲ್ಲ.