ಹಿತ್ತಲ ಬಾಗಿಲಿನ ನಾದಿನಿ

ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ಗುರುಮಲ್ಲಮ್ಮ, ಗಂಡ ತೀರಿಕೊಂಡ ಮೇಲೆ ಯೇಸುವನ್ನು ನಂಬಿದಳು. ದೀಕ್ಷಾಸ್ನಾನದ ದಿನ ಪಾಸ್ಟರು ಗ್ರೇಸಮ್ಮ ಎಂದು ಹೆಸರಿಡಲು ಹೊರಟಾಗ, ಅವ್ವ ಇಟ್ಟ ಹೆಸರೇ ಸಾಕು ಎಂದು ಕೈಮುಗಿದಳು. ತೆರಕಣಾಂಬಿಯ ಅಣ್ಣ ಚಿಕ್ಕಬಸವಯ್ಯನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಮನೆದೇವರು ಮಾದಪ್ಪನ ಒಕ್ಕಲಲ್ಲಿ ಹುಟ್ಟಿ ಹೀಗೆ ಮಾಡಿದವಳು ತನ್ನ ಪಾಲಿಗೆ ಸತ್ತ ಹಾಗೆ ಎಂದು ನಾಲ್ಕು ಜನರೆದುರು ಅಂದುಬಿಟ್ಟ. ಅಲ್ಲಿಂದ ಹೋಗಿಬರುವುದು ನಿಂತಿತು.

ಅತ್ತಿಗೆ ಮಲ್ಲಾಜಮ್ಮನಿಗೆ ಲಕ್ವ ಹೊಡೆದ ಸುದ್ದಿ ಬಸ್ಸಿನಲ್ಲಿ ಸಿಕ್ಕ ಊರಿನವರಿಂದ ತಿಳಿಯಿತು. ಅತ್ತಿಗೆಯ ಮಗಳು ಮಾನಸ ಚಂದಕವಾಡಿಯ ಗಂಡನ ಮನೆಯಲ್ಲಿ ಹಸಿ ಬಾಣಂತಿ. ನೋಡುವವರಿಲ್ಲ. ಗುರುಮಲ್ಲಮ್ಮ ಮಾರನೆಯ ದಿನವೇ ಹೊರಟಳು. ಅಣ್ಣ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹಿತ್ತಲ ಬಾಗಿಲ ಅಗುಳಿ ತೆಗೆದಿಟ್ಟು ಹೊಲದ ಕಡೆ ನಡೆದ. ಅಂದಿನಿಂದ ಡ್ಯೂಟಿ ಮುಗಿದ ಮೇಲೆ ದಿನವೂ ಬಂದು ಅತ್ತಿಗೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸುತ್ತಿದ್ದಳು. ತಾನು ಕುಡಿಯುವ ನೀರನ್ನು ಪೇಟೆಯಿಂದಲೇ ತರುತ್ತಿದ್ದಳು. ಆ ಮನೆಯ ಬಿಂದಿಗೆ ಮುಟ್ಟಿ ಅಣ್ಣನಿಗೆ ಕಿರಿಕಿರಿ ಮಾಡುವುದು ಅವಳಿಗೆ ಬೇಡವಾಗಿತ್ತು.

ಒಂದು ಸಂಜೆ ಮಲ್ಲಾಜಮ್ಮ ತೊದಲುತ್ತ, ತನ್ನ ಮದುವೆಯಲ್ಲಿ ಹಾಡಿದ್ದ ಸೋಬಾನೆಯನ್ನು ಮತ್ತೊಮ್ಮೆ ಹಾಡು ಅಂದಳು. ಅದರ ತುಂಬ ಮಾದಪ್ಪನ ಹೆಸರು. ಗುರುಮಲ್ಲಮ್ಮ ಅತ್ತಿಗೆಯ ಕೈ ಹಿಡಿದು ಪೂರ್ತಿ ಹಾಡಿದಳು. ಆಮೇಲೆ ತಾನೇ ಹೋಗಿ ಪಾಸ್ಟರಿಗೆ ತಿಳಿಸಿದಳು. ಅದು ಸರಿಯಲ್ಲವೆಂದು ಅವರು ಮುಖ ಸಣ್ಣ ಮಾಡಿದರು.

“ಸಾಯೋಳು ಕೇಳುದ್ಲು ಅಯ್ಯಾ,” ಅಂದಳು. “ಅರ್ಧಕ್ಕೆ ಬುಡಕಾಗ್ನಿಲ್ಲ.”

ಆ ವಾರದಲ್ಲೇ ಮಲ್ಲಾಜಮ್ಮ ಹೋದಳು. ಅಂಗಳ ನೆಂಟರಿಂದ ತುಂಬಿತು. ಹೆಣಕ್ಕೆ ನೀರು ಹಾಕಲು ಹೆಂಗಸರು ಸೇರಿದಾಗ, ನೀನು ಮುಟ್ಟಬೇಡ ಎಂದು ಒಬ್ಬ ಹಿರಿಯಳು ಗುರುಮಲ್ಲಮ್ಮನನ್ನು ತಡೆದಳು. ಅವಳು ವಾದಿಸದೆ ಬೇಲಿಯ ಪಕ್ಕ ನಿಂತಳು. ಹೆಂಗಸರು ಹೆಣವನ್ನು ಹೊರಳಿಸಿದ್ದನ್ನು ಕಂಡು ಮಾತ್ರ ತಡೆಯಲಾಗಲಿಲ್ಲ.

“ಎಡಗಡೆ ಸೊಂಟದತ್ರ ಗಾಯ ಐತೆ ಕಣ್ರವ್ವಾ, ಮೆತ್ತಗೆ.”

ಇನ್ನೆಲ್ಲಿಯ ನೋವು ಎಂದು ಯಾರೋ ಗೊಣಗಿದರು. ಜಗುಲಿಯ ಮೇಲಿದ್ದ ಚಿಕ್ಕಬಸವಯ್ಯ ತಲೆಯೆತ್ತಿ ತಂಗಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುತ್ತ ಕೂತಿದ್ದ ಕುಲದ ಯಜಮಾನರನ್ನು ಕಂಡು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮಣ್ಣಾದ ಮೇಲೆ ಎಲ್ಲರೂ ಹಿಂದಿರುಗುವವರೆಗೆ ಕಾದು, ಅವಳೊಬ್ಬಳೇ ಹೋಗಿ ಒಂದು ಹಿಡಿ ಮಣ್ಣು ಹಾಕಿದಳು. ಬಸ್ ಸ್ಟಾಪಿಗೆ ಬಂದರೆ ಅಣ್ಣ ಒದ್ದೆ ಬಟ್ಟೆಯಲ್ಲೇ ಅಲ್ಲಿ ನಿಂತಿದ್ದ. ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು. ಅವನು ಸರಿದು ಅವಳ ಪಕ್ಕಕ್ಕೆ ಬಂದ.

“ನೀ ಬರೋದು ಒಸಿ ತಡವಾದ್ರೂ ಬಾಗ್ಲು ನೋಡ್ತಿದ್ಲು ಕಣವ್ವ,” ಅಂದ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಸ್ಸು ಬಂತು. ಹತ್ತಿದವಳಿಗೆ ಮತ್ತೆ ಬಾ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ತಿಥಿಗೂ ಕರೆ ಬರಲಿಲ್ಲ. ತಿಥಿ ಕಳೆದ ಭಾನುವಾರ ಚರ್ಚಿನಲ್ಲಿ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಗುರುಮಲ್ಲಮ್ಮ ಮೊಣಕಾಲೂರಿ ಅತ್ತಿಗೆಗಾಗಿ ಬೇಡಿಕೊಂಡಳು. ಆಮೇಲೆ, ಮನೆಯಲ್ಲಿ ಒಬ್ಬನೇ ಉಳಿದ ಅಣ್ಣನಿಗಾಗಿ.